ಹೊರಗೋಣೆಯ ಫ್ರಿಜ್

ಮುಲ್ತೆ ಹಣ್ಣಿನ ಡಬ್ಬಿಯ ಮುಚ್ಚಳ ತೆಗೆದು ಬೆರಳಿಟ್ಟರೆ ಬೆರಳು ಸೀದಾ ಒಳಗೆ ಇಳಿಯಿತು. ಹೆಪ್ಪುಗಟ್ಟಿ ಕಲ್ಲಿನ ಹಾಗಿರಬೇಕಾದ ಹಣ್ಣು ಅಂಬಲಿಯಾಗಿ ಕೂತಿತ್ತು. ತೋರ್ಗುನ್ ಬೆರಳು ಒರೆಸಿಕೊಂಡಳು. ಪಕ್ಕದಲ್ಲಿದ್ದ ಮೀನಿನ ಪೊಟ್ಟಣ ಒತ್ತಿ ನೋಡಿದಳು, ಅದೂ ಮೆತ್ತಗೆ. ತಾನೇ ಕರಿದು ತುಂಬಿಟ್ಟಿದ್ದ ಮೀನುವಡೆಯ ಚೀಲ ಎತ್ತಿದರೆ ತಳದಿಂದ ನೀರು ತೊಟ್ಟಿಕ್ಕಿತು. ಫ್ರೀಜರಿನ ಬಾಗಿಲು ಹಿಡಿದುಕೊಂಡು ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಕ್ರಿಸ್‌ಮಸ್ಸಿಗೆ ಮುಂಚೆ ಒಮ್ಮೆ ಹೀಗೇ ಆಗಿತ್ತು. ಇದು ಎರಡನೇ ಸಲ.

"ಮತ್ತೆ ಬಾಗಿಲು ಹಾಕದೆ ಹೋಗಿದೀನಿ," ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದ್ದು ಕಿವಿಗೆ ಬಿದ್ದ ಮೇಲೆ ಇನ್ನಷ್ಟು ಹೆದರಿಕೆಯಾಯಿತು.

ಬಡಗಣ ಕಡಲಂಚಿನ ನಮ್ಮೂರು ಸ್ಕಾರ್‌ವಿಕ್‌ನಲ್ಲಿ ಬೇರೆ ಯಾವ ಹೆಂಗಸಾಗಿದ್ದರೂ ಫ್ರಿಜ್ಜಿಗೆ ಒಂದು ಒದೆ ಕೊಟ್ಟು, ಅದನ್ನು ಮಾಡಿದವನ ವಂಶವನ್ನೆಲ್ಲ ಬೈದು, ಗಂಡನನ್ನು ಕೂಗುತ್ತಿದ್ದಳು. ಬೈಗುಳದಲ್ಲಿ ನಮ್ಮ ಕಡೆಯವರದು ಎತ್ತಿದ ಕೈ, ಪಾದ್ರಿ ಎದುರಿಗಿದ್ದರೂ ನಾಲಿಗೆ ತಡೆಯುವುದಿಲ್ಲ. ತೋರ್ಗುನ್ ಹಾಗೆ ಮಾಡಲಿಲ್ಲ. ಅವಳಿಗೆ ತನ್ನ ತಾಯಿ ಹೆರ್‌ಬೋರ್ಗ್ ಕಣ್ಣ ಮುಂದೆ ಬಂದಳು. ಆ ಮಹಾತಾಯಿಗೆ ಇದೇ ವಯಸ್ಸಿನಲ್ಲೇ, ಇನ್ನೂ ಅರವತ್ತು ಮುಟ್ಟುವ ಮುಂಚೆಯೇ, ಮರೆವು ಶುರುವಾದದ್ದು. ಮೊದಲು ಕಾಫಿಗೆ ಉಪ್ಪು ಹಾಕಿದಳು, ಎಲ್ಲರೂ ನಕ್ಕರು. ಆಮೇಲೆ ಉಣ್ಣೆಯ ಕೈಗವಸು ಬ್ರೆಡ್ಡಿನ ಡಬ್ಬಿಯಲ್ಲಿ ಸಿಕ್ಕಿತು, ಆಗಲೂ ನಕ್ಕರು. ಮುಂದೆ ಎಂದೋ ಸತ್ತುಹೋಗಿದ್ದ ಗಂಡನ ದೋಣಿ ಬರುತ್ತದೆಂದು ದೋಣಿಕಟ್ಟೆಯ ಮೇಲೆ ಹೋಗಿ ನಿಲ್ಲತೊಡಗಿದಾಗ ಯಾರೂ ನಗಲಿಲ್ಲ. ಕೊನೆಯ ವರ್ಷಗಳಲ್ಲಿ ಅವಳಿದ್ದದ್ದು ಊರಿನ ವೃದ್ಧಾಶ್ರಮದಲ್ಲಿ. ಅಲ್ಲಿ ಆಗಲೂ ಕೆಲಸಕ್ಕಿದ್ದವಳು ಇದೇ ತೋರ್ಗುನ್. ಸ್ವಂತ ಮಗಳನ್ನು "ಏನಮ್ಮ, ನೀನು ಯಾರ ಮನೆಯವಳು?" ಎಂದು ಆ ತಾಯಿ ದಿನಾ ಕೇಳುತ್ತಿದ್ದಳು.

ಹಾಗಾಗಿ ಕರಗಿದ ಹಣ್ಣು ತೋರ್ಗುನ್ ಪಾಲಿಗೆ ಬರೀ ಹಣ್ಣಾಗಿರಲಿಲ್ಲ. ಕೆಟ್ಟದ್ದು ಫ್ರಿಜ್ಜೋ, ತನ್ನ ತಲೆಯೋ? ಆ ಚಳಿಗಾಲವಿಡೀ ಅವಳನ್ನು ತಿಂದದ್ದು ಈ ಒಂದೇ ಪ್ರಶ್ನೆ.

ಕೋಟು ಹಾಕಿಕೊಂಡು, ಕರಗಿದ್ದನ್ನೆಲ್ಲ ಬಕೆಟ್ಟಿಗೆ ಸುರಿದುಕೊಂಡು, ಕಡಲ ಕಡೆ ನಡೆದಳು. ಜನವರಿ. ನಮ್ಮಲ್ಲಿ ಆಗ ಸೂರ್ಯ ಮುಖ ತೋರಿಸುವುದಿಲ್ಲ, ಬೆಳಗ್ಗೆ ಅನ್ನುವುದೂ ಕತ್ತಲೆಯೇ. ಬಂಡೆಗಳ ಮೇಲೆ ಬಕೆಟ್ ಬೋರಲು ಹಾಕಿದ್ದೇ ತಡ, ಎಲ್ಲಿದ್ದವೋ ಏನೋ, ಕಡಲಹಕ್ಕಿಗಳು ಊರಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡು ಮುಗಿಬಿದ್ದವು. "ಬಾಯ್ಮುಚ್ರೋ, ದರಿದ್ರದವೇ!" ಎಂದು ಅವಳು ಪಿಸುದನಿಯಲ್ಲಿ ಗದರಿದಳು. ಸೊಂಟ ಮುರಿದುಕೊಂಡು, ಸೊಳ್ಳೆಗಳ ಕೈಲಿ ಕಚ್ಚಿಸಿಕೊಂಡು, ಅಕ್ಕತಂಗಿಯರಿಗೂ ಜಾಗ ಹೇಳದೆ ಜೌಗಿನಲ್ಲಿ ಒಂದೊಂದಾಗಿ ಆರಿಸಿದ ಹಣ್ಣು ಅದು.

ಆ ದಿನ ಊಟಕ್ಕೆ ಡಬ್ಬಿಯ ಮೀನುಂಡೆ ಬಿಸಿ ಮಾಡಿದಳು. ಗಂಡ ಯೆರ್ಮುಂಡ್ ತಟ್ಟೆ ನೋಡಿದ. ಜೀವಮಾನವಿಡೀ ಮೀನು ಹಿಡಿದ ಮನುಷ್ಯನ ಮುಂದೆ ಅಂಗಡಿಯ ಡಬ್ಬಿಯ ಮೀನು ಇಟ್ಟರೆ ಅದು ಅವಮಾನವೇ ಸರಿ.

"ಏನೇ ಇದು? ಮೀನಿಗೆ ಬರ ಬಂತಾ?"

"ನಂಗೆ ತಿನ್ಬೇಕು ಅನ್ನಿಸ್ತು. ನಿಂಗೆ ಬೇಡ್ದಿದ್ರೆ ಬಿಡು."

"ಬೇಡ ಅಂದ್ನಾ ನಾನು?" ಎಂದು ಅವನು ಅವಳ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಉಂಡ. ಬಾಯಿ ತುಂಬ ತಮಾಷೆ ಇರುತ್ತಿದ್ದ ಗಂಡಸು ಈಚೆಗೆ ಯಾಕೋ ಮಾತು ಕಡಿಮೆ ಮಾಡಿದ್ದ. ತೋರ್ಗುನ್ ಅದನ್ನು ಗಮನಿಸಿದರೂ ಅದಕ್ಕೊಂದು ಕಾರಣ ಹುಡುಕುವಷ್ಟು ಪುರುಸೊತ್ತು ಅವಳ ತಲೆಗಿರಲಿಲ್ಲ.

ಫ್ರಿಜ್ಜನ್ನು ಹೊರಗೋಣೆಗೆ ಸಾಗಿಸಿದ್ದು ಯೆರ್ಮುಂಡ್‌ನದೇ ಬುದ್ಧಿವಂತಿಕೆ. ಹೊರಗೋಣೆ ಎಂದರೆ ಬೂಟು ಬಿಚ್ಚಿ, ಕೋಟು ತೂಗುಹಾಕಿ, ಆಮೇಲೆ ಮನೆಯೊಳಗೆ ಕಾಲಿಡುವ ಚಿಕ್ಕ ಜಾಗ. ಒಲೆಯಿಲ್ಲ, ತೆಳು ಹಲಗೆಯ ಗೋಡೆ. ಅಡುಗೆಮನೆಗೆ ದೊಡ್ಡ ಮೇಜು ಬಂದಾಗ ಇಬ್ಬರೂ ಓಡಾಡಲು ಜಾಗ ಸಾಲಲಿಲ್ಲ. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಭಾಷಣವನ್ನೇ ಬಿಗಿದಿದ್ದ: "ಬಾಗಿಲಾಚೆ ಇಡೀ ಉತ್ತರಧ್ರುವ ಬಿದ್ದಿದೆ. ನಾವು ಕರೆಂಟು ಸುಟ್ಟು ಮನೆ ಬೆಚ್ಚಗೆ ಮಾಡೋದು, ಆ ಬೆಚ್ಚಗಿರೋ ಮನೆಯೊಳಗೆ ಒಂದು ಪೆಟ್ಟಿಗೆ ಇಟ್ಕೊಂಡು ಇನ್ನಷ್ಟು ಕರೆಂಟು ಸುಟ್ಟು ಅದನ್ನ ತಣ್ಣಗೆ ಮಾಡೋದು. ಇದಕ್ಕಿಂತ ಹುಚ್ಚುತನ ಇದೆಯೇನೇ?" ಈ ಮಾತಿಗೆ ಇಲ್ಲ ಅನ್ನುವವರು ನಮ್ಮೂರಲ್ಲಿ ಯಾರೂ ಹುಟ್ಟಿಲ್ಲ. ಎಲೆ ಉದುರುವ ಕಾಲಕ್ಕೆ ಫ್ರಿಜ್ ಹೊರಗೋಣೆ ಸೇರಿತು. ಮೇಲೆ ಹಾಲು, ಬೆಣ್ಣೆ, ಚೀಸ್ ಇಡುವ ಭಾಗ, ಕೆಳಗೆ ಬೇರೆ ಬಾಗಿಲಿನ ಫ್ರೀಜರ್. ಹಳೆಯದೇನೂ ಅಲ್ಲ.

ಎರಡನೇ ಸಲ ಕರಗಿದ ಮೇಲೆ ತೋರ್ಗುನ್ ಅದರ ಬೆನ್ನು ಬಿದ್ದಳು. ಯೆರ್ಮುಂಡ್ ದೋಣಿಯ ಕಡೆ ಹೋದ ಹೊತ್ತು ನೋಡಿಕೊಂಡು, ಕಳ್ಳಿಯ ಹಾಗೆ, ತನ್ನದೇ ಫ್ರಿಜ್ಜಿನ ಪರೀಕ್ಷೆಗೆ ನಿಂತಳು. ಬಾಗಿಲ ಸುತ್ತಿನ ರಬ್ಬರ್ ಸಡಿಲವಾಗಿದ್ದರೆ ತಂಪು ಸೋರಿಹೋಗುತ್ತದೆಂದು ಕೇಳಿದ್ದಳು. ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿದಳು. ಕಾಗದ ಬಿಗಿಯಾಗಿ ಕಚ್ಚಿಕೊಂಡಿತ್ತು, ಮೇಲೆ, ಕೆಳಗೆ, ಮೂಲೆಗಳಲ್ಲಿ, ಎಲ್ಲ ಕಡೆ. ಬೆನ್ನ ಹಿಂದಿನ ಕೊಳವೆಗಳ ಮೇಲೆ ಧೂಳು ಕೂತರೂ ಕೆಡುತ್ತದೆ ಎಂದಿದ್ದರು ಯಾರೋ. ಎಳೆದು, ಗುಡಿಸಿ, ಒರೆಸಿದಳು. ತಿರುಗಿಸುವ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಟ್ಟಳು.

ಕೊನೆಗೆ ಮೇಲಿನ ಬಾಗಿಲು ತೆಗೆದು ಹಾಲಿನ ಡಬ್ಬ ಮುಟ್ಟಿದಳು. ಮುಟ್ಟಬಾರದಿತ್ತು. ಹಾಲು ಕೊರೆಯುವಷ್ಟು ತಣ್ಣಗಿತ್ತು. ಬೆಣ್ಣೆಯ ಮೇಲೆ ಚಾಕು ಜಾರುತ್ತಿತ್ತು. ಯಂತ್ರ ಕೆಟ್ಟಿದ್ದರೆ ಹಾಲು ಹೀಗಿರುತ್ತಿತ್ತೇ? ಎರಡಕ್ಕೂ ಇರುವುದು ಒಂದೇ ಮೋಟರ್. ಮೇಲೆ ತಂಪು ಮಾಡುವ ಮೋಟರ್ ಕೆಳಗೆ ಮಾತ್ರ ಮುಷ್ಕರ ಹೂಡುತ್ತದೆಯೇ? ಹಾಗಾದರೆ ಕೆಳಗಿನ ಬಾಗಿಲು ತೆರೆದೇ ಇದ್ದಿರಬೇಕು. ತೆರೆದವರು ಯಾರು? ಅದಕ್ಕೆ ಕೈ ಹಾಕುವವಳು ಅವಳೊಬ್ಬಳೇ.

ಎರಡು ಮನೆಯಾಚೆಯ ಎಡ್ವಿನ್‌ನನ್ನು ಕರೆಯೋಣ ಎನ್ನಿಸಿತು. ಅವನು ದೊಡ್ಡ ಹಡಗುಗಳಲ್ಲಿ ಎಂಜಿನ್ ಕೋಣೆಯಲ್ಲೇ ತಲೆ ನರೆಸಿಕೊಂಡವನು. ಮೀನು ತುಂಬುವ ಶೀತಲಕೋಣೆಗಳ ಹೊಟ್ಟೆಯೊಳಗೆ ತೂರಿ ಬಂದವನಿಗೆ ಮನೆಯ ಫ್ರಿಜ್ ಯಾವ ಲೆಕ್ಕ? ಆದರೆ ಬಾಯಿ ಮಾತ್ರ ಊರಿನ ರೇಡಿಯೋ. ಅದಕ್ಕೇ ಅವಳು, "ಸದ್ದು ಯಾಕೋ ಬೇರೆ ಥರ ಬರ್ತಿದೆ, ಸುಮ್ನೆ ಒಂದ್ಸಲ ನೋಡಿ ಹೋಗು," ಎಂದಷ್ಟೇ ಹೇಳಿದಳು.

ಎಡ್ವಿನ್ ಬಂದ ದಿನ ನೈಋತ್ಯದ ಗಾಳಿ ಬೀಸಿ ಹಿಮವೆಲ್ಲ ರಾಡಿಯಾಗಿತ್ತು. ಅಂಥ ಹಸಿ ದಿನಗಳಲ್ಲಿ ಯೆರ್ಮುಂಡ್ ತನ್ನ ಒದ್ದೆ ಬಟ್ಟೆ ಒಣಗಿಸಲು ಹೊರಗೋಣೆಯಲ್ಲಿ ಸಣ್ಣದೊಂದು ಕರೆಂಟಿನ ಒಲೆ ಹಚ್ಚುತ್ತಾನೆ, ಅಂದೂ ಹಚ್ಚಿದ್ದ. ಎಡ್ವಿನ್ ಕಿವಿಗೊಟ್ಟು ಕೇಳಿದ, ಹಿಂದೆ ಕೈಯಿಟ್ಟು ನೋಡಿದ, ಫ್ರೀಜರ್ ತೆಗೆದು, ಅವಳು ಮೊನ್ನೆಯಷ್ಟೇ ತಂದಿಟ್ಟಿದ್ದ ಮೀನನ್ನು ಗೆಣ್ಣಿನಿಂದ ಕುಟ್ಟಿದ. ಟಣ್ ಟಣ್ ಎಂದಿತು.

"ಏನಾಗಿದೆಯಮ್ಮ ಇದಕ್ಕೆ? ಕುದುರೆ ಇದ್ದಂಗಿದೆ. ಈ ಮೀನಲ್ಲಿ ಹೊಡೆದ್ರೆ ಮನುಷ್ಯ ಸಾಯ್ತಾನೆ."

"ಒಂದೊಂದ್ಸಲ ಮೆತ್ತಗಾಗುತ್ತೆ," ಎಂದು ತೋರ್ಗುನ್ ಬಾಯಿಜಾರಿ ಅಂದುಬಿಟ್ಟಳು.

"ಒಂದೊಂದ್ಸಲ? ಮಿಷನ್ನು ಒಂದೊಂದ್ಸಲ ಕೆಡಲ್ಲ ಕಣೇ, ಕೆಟ್ರೆ ಕೆಡುತ್ತೆ, ಇಲ್ದಿದ್ರೆ ಇಲ್ಲ. ಒಂದೊಂದ್ಸಲ ಕೆಡೋದು ಮನುಷ್ಯರು. ಬಾಗಿಲು ಸರಿಯಾಗಿ ಹಾಕಿರಲ್ಲ ನೀನು." ಅವನು ಹಲ್ಲು ಕಿರಿದ. "ವಯಸ್ಸಾಯ್ತಲ್ಲ ನಮಗೂ! ನಾನೇ ಮೊನ್ನೆ ಕನ್ನಡಕ ಮೂಗಿನ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ದೆ."

ಅವನೇನೋ ತಮಾಷೆಗೆ ಅಂದ, ಕಾಫಿ ಕುಡಿದ, ಎರಡು ವಾಫಲ್ ತಿಂದು ಎದ್ದು ಹೋದ. ತೋರ್ಗುನ್ ಕಪ್ಪು ತೊಳೆಯುತ್ತ ಸಿಂಕಿನ ಮುಂದೆ ನಿಂತವಳು ಅಲ್ಲೇ ಅತ್ತಳು.

ಕೆಲಸದ ಜಾಗದಲ್ಲಿ ಇನ್ನೂ ಕಷ್ಟ. ವೃದ್ಧಾಶ್ರಮದಲ್ಲಿ ಅವಳ ಸುತ್ತ ಮುತ್ತ ಇರುವವರೇ ಅಂಥವರು. ಮರೆವಿನ ಒಂದೊಂದು ಮೆಟ್ಟಿಲೂ ಅವಳಿಗೆ ಗೊತ್ತು. ಮೊದಲು ಮರೆಯುವುದು ಏನನ್ನು, ಮುಚ್ಚಿಡಲು ಏನೇನು ಸುಳ್ಳು ಹೇಳುತ್ತಾರೆ, ಸಿಕ್ಕಿಬಿದ್ದಾಗ ಹೇಗೆ ರೇಗುತ್ತಾರೆ, ಎಲ್ಲ. ಮುಚ್ಚಿಡುವುದು, ಸುಳ್ಳು ಹೇಳುವುದು, ರೇಗುವುದು — ಮೂರನ್ನೂ ತಾನು ಮಾಡುತ್ತಿದ್ದೇನಲ್ಲ ಎಂದು ಹೊಳೆದ ದಿನ ಅವಳ ಕೈಯಲ್ಲಿದ್ದ ಗಂಜಿಯ ಬಟ್ಟಲು ನಡುಗಿತು. ಎದುರಿಗೆ ಕೂತಿದ್ದ ಅಜ್ಜಿ ಯೆನ್‌ಸೀನೆ, ತನ್ನ ಹೆಸರೇ ಮರೆತವಳು, ಅವಳ ಕೈ ತಟ್ಟಿ, "ಚಳಿಯಾಗ್ತಿದ್ಯಾ ಮಗಳೇ?" ಎಂದು ಕೇಳಿದಳು.

ಒಳಗೊಳಗೇ ಪರೀಕ್ಷೆ ಕೊಟ್ಟುಕೊಳ್ಳತೊಡಗಿದಳು. ಬೀದಿಯ ಮನೆಗಳ ಹೆಸರು ಈ ತುದಿಯಿಂದ ಆ ತುದಿಗೆ ಹೇಳುವುದು, ಆ ತುದಿಯಿಂದ ಈ ತುದಿಗೆ ಹೇಳುವುದು. ಒಂದು ಹೆಸರು ತಡವಾದರೆ ಬೆನ್ನು ಬೆವರುತ್ತಿತ್ತು. ಮರೆಯುತ್ತೇನೋ ಎಂದು ಹೆದರಿಕೊಂಡವರು ಮರೆಯದೆ ಇರುತ್ತಾರೆಯೇ? ಸೊಸೈಟಿ ಅಂಗಡಿಗೆ ಯೀಸ್ಟ್ ತರಲು ಹೋಗಿ ಮೇಣದಬತ್ತಿ ತಂದಳು. ಬೇರೆ ಕಾಲದಲ್ಲಾಗಿದ್ದರೆ ತಲೆಗೊಂದು ಮೊಟಕಿಕೊಂಡು ಮತ್ತೆ ಹೋಗುತ್ತಿದ್ದಳು. ಈಗ ಆ ಮೇಣದಬತ್ತಿಯನ್ನು ಬಟ್ಟೆಯ ಕಪಾಟಿನಲ್ಲಿ ಬಚ್ಚಿಟ್ಟಳು.

ಗಾಳಿ ತಿರುಗಿತು. ಒಳನಾಡಿನಿಂದ ಮೂಡಣದ ಗಾಳಿ ಬಂದು ಆಕಾಶ ತೊಳೆದಿಟ್ಟಂತಾಯಿತು, ಚಳಿ ಹಲ್ಲು ಕಡಿಯಿತು. ತೋರ್ಗುನ್ ಒಂದು ಉಪಾಯ ಮಾಡಿದಳು. ಸಂಜೆ ಊಟವಾದ ಮೇಲೆ ಫ್ರೀಜರಿನ ಬಾಗಿಲು ಒತ್ತಿ ಹಾಕಿ, ಅಡ್ಡಕ್ಕೆ ಒಂದು ಅಂಟುಪಟ್ಟಿ ಹಚ್ಚಿದಳು. ಇನ್ನು ಬಾಗಿಲು ತೆರೆದರೆ ಪಟ್ಟಿ ಕಿತ್ತು ಬರಲೇಬೇಕು. ಮಾರನೆಯ ದಿನ ನೋಡಿದಳು, ಅದರ ಮಾರನೆಯ ದಿನವೂ ನೋಡಿದಳು. ಪಟ್ಟಿ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ಕಿತ್ತು ಬಾಗಿಲು ತೆರೆದರೆ ಮೀನು ಮೆತ್ತಗೆ!

ಒಂದು ಕ್ಷಣ ಹಾರಿ ಕುಣಿಯುವಷ್ಟು ಸಂತೋಷವಾಯಿತು. "ನಾನಲ್ಲ! ನಾನಲ್ಲ ಕಣೋ, ನೀನೇ!" ಎಂದು ಫ್ರಿಜ್ಜಿನ ಹೊಟ್ಟೆಗೊಂದು ಗುದ್ದಿದಳು. ಆದರೆ ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿ ತಲೆಯೊಳಗೆ ಹುಳ ಹೊಕ್ಕಿತು. ನಡುವೆ ಒಂದು ಸಲ ತೆರೆದು, ಮತ್ತೆ ಹೊಸ ಪಟ್ಟಿ ಹಚ್ಚಿ, ಅದನ್ನೂ ಮರೆತಿದ್ದರೆ? ಅಮ್ಮ ಬೀಗ ಹಾಕಿ, ಬೀಗದ ಕೈ ಬಚ್ಚಿಟ್ಟು, ಕಳ್ಳರು ಒಯ್ದರೆಂದು ಊರೆಲ್ಲ ಹೇಳಿಕೊಂಡು ಬರಲಿಲ್ಲವೇ? ತನ್ನ ಮೇಲೆಯೇ ನಂಬಿಕೆ ಹೋದವರಿಗೆ ಸಾಕ್ಷಿ ಯಾವುದು, ಸುಳ್ಳು ಯಾವುದು! ಇನ್ನೊಂದು ಜೋಡಿ ಕಣ್ಣು ಬೇಕಿತ್ತು. ಯೆರ್ಮುಂಡ್‌ಗೆ ಹೇಳಲೇಬೇಕಿತ್ತು. ಹೇಳಿದರೆ ಅವನ ಕಣ್ಣಿನಲ್ಲಿ ತಾನು ಇವತ್ತಿನಿಂದ ಬೇರೆ ಯಾರೋ ಆಗಿಬಿಡುತ್ತೇನಲ್ಲ ಎಂದು ಅವಳ ಬಾಯಿ ಕಟ್ಟಿತು. ಆಶ್ರಮದಲ್ಲಿ ಮುದುಕರ ಮನೆಯವರು ಮಾತಾಡುವುದನ್ನು ಅವಳು ಕೇಳಿಲ್ಲವೇ? ಎದುರಿಗೇ ಕೂರಿಸಿಕೊಂಡು "ಅವಳು ಉಂಡ್ಲಾ? ಅವಳು ಮಲಗಿದ್ಲಾ?" ಎಂದು ಪಕ್ಕದವರನ್ನು ಕೇಳುತ್ತಾರೆ.

ಸಂಜೆ ಹೇಳೋಣ ಎಂದುಕೊಂಡು ಕೆಲಸಕ್ಕೆ ಹೋದಳು.

ನಡುಹಗಲು. ಸೂರ್ಯನಿಲ್ಲದಿದ್ದರೂ ಆ ಹೊತ್ತಿಗೆ ಒಂದಿಷ್ಟು ನೀಲಿ ಬೆಳಕು ಬರುತ್ತದೆ. ಯೆನ್‌ಸೀನೆ ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸುತ್ತಿದ್ದಾಗ ಆಶ್ರಮದ ಅಡುಗೆಯವಳು ಕೂಗಿದಳು: "ಹಾರ್ಟ್‌ವಿಗ್‌ನ ದೋಣಿ ಹೊರಟ್ತು ನೋಡ್ರೇ! ಲೋಫೋಟನ್‌ಗೆ ಹೊರಟ್ತು!"

ಕೊಲ್ಲಿಯ ಬಾಯಿಯಲ್ಲಿ, ದೀಪ ಹಚ್ಚಿಕೊಂಡು, ದೋಣಿ ಹೋಗುತ್ತಿತ್ತು. ಕಟ್ಟೆಯ ಮೇಲೆ ಜನ ಕೈ ಬೀಸುತ್ತಿದ್ದರು. ಪ್ರತಿ ಜನವರಿಯಲ್ಲೂ ಹಾರ್ಟ್‌ವಿಗ್‌ನ ದೋಣಿಯಲ್ಲಿ ಯೆರ್ಮುಂಡ್ ದಕ್ಷಿಣಕ್ಕೆ ಲೋಫೋಟನ್ ದ್ವೀಪಗಳ ಮೀನಿಗೆ ಹೋಗುತ್ತಾನೆ, ಬರುವುದು ಈಸ್ಟರ್ ಹೊತ್ತಿಗೆ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ. ಪ್ರತಿ ಸಲವೂ ಅವಳೇ ಪೆಟ್ಟಿಗೆಗೆ ಉಣ್ಣೆಯ ಬಟ್ಟೆ ಮಡಿಸಿಟ್ಟು, ಕಟ್ಟೆಯವರೆಗೆ ಹೋಗಿ, ಬೈದು ಕಳಿಸಿ ಬರುತ್ತಾಳೆ. ಬೈದು ಕಳಿಸಿದರೆ ಕ್ಷೇಮವಾಗಿ ಬರುತ್ತಾರೆಂದು ನಮ್ಮವರ ನಂಬಿಕೆ.

ತೋರ್ಗುನ್ ಕಿಟಕಿಗೆ ಅಂಟಿ ನಿಂತಳು. ಇವತ್ತು ಹೊರಡುವ ದಿನವೇ? ಅವನು ಹೇಳಿದ್ದನೇ? ಬೆಳಗ್ಗೆ ಬಾಗಿಲಲ್ಲಿ ನಿಂತು ಹೋಗಿಬರ್ತೀನಿ ಎಂದನೇ? ತಾನು ಏನೆಂದೆ? ಪೆಟ್ಟಿಗೆ ಕಟ್ಟಿದ್ದು ಯಾರು? ಎಷ್ಟು ಹುಡುಕಿದರೂ ತಲೆಯೊಳಗೆ ಏನೂ ಸಿಗಲಿಲ್ಲ. ಕಟ್ಟಿದ್ದು, ಬೈದದ್ದು, ಕಳಿಸಿದ್ದು, ಎಲ್ಲ ನಡೆದಿದೆ, ತನಗೆ ಮಾತ್ರ ಅಳಿಸಿಹೋಗಿದೆ. ಆಗಿಯೇ ಹೋಯಿತು. ಅಮ್ಮನ ದಾರಿ.

"ಈಗ ಬಂದೆ," ಎಂದು ಯಾರಿಗೋ ಹೇಳಿ, ಆಶ್ರಮದ ಚಪ್ಪಲಿಯಲ್ಲೇ, ಕೋಟಿಲ್ಲದೆ, ಮಂಜಿನ ಮೇಲೆ ಜಾರುತ್ತ ಏಳುತ್ತ ಮನೆಗೆ ಓಡಿದಳು.

ಅಡುಗೆಮನೆಯಲ್ಲಿ ಯೆರ್ಮುಂಡ್ ಆಲೂಗಡ್ಡೆ ಬೇಯಿಸುತ್ತಿದ್ದ.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ಅವಳ ಕಾಲು ನೋಡಿದ, ಮುಖ ನೋಡಿದ, ಬೆಳ್ಳಗಾದ.

"ಏನಾಯ್ತೇ? ಕೋಟೆಲ್ಲಿ?"

"ನೀನು ಹೋಗಿಲ್ವಾ? ದೋಣಿ ಹೊರಟ್ತು. ಕಣ್ಣಾರೆ ನೋಡ್ದೆ."

"ಗೊತ್ತು."

"ನೀನು ಹೋಗ್ತೀನಿ ಅಂತ ಹೇಳಿದ್ಯಾ ನಂಗೆ? ನಿಜ ಹೇಳು. ಬೆಳಗ್ಗೆ ಹೇಳಿದ್ಯಾ?"

"ಇಲ್ಲ ಕಣೇ, ಏನೂ ಹೇಳಿಲ್ಲ. ಈ ವರ್ಷ ನಾನು ಹೋಗ್ತಿಲ್ಲ. ಹಾರ್ಟ್‌ವಿಗ್‌ಗೆ ಆಗ್ಲೇ ಬೇಡ ಅಂದಿದ್ದೆ. ಅವನು ನನ್ನ ಜಾಗಕ್ಕೆ ಬೇರೆಯವನನ್ನ ಹಾಕ್ಕೊಂಡ."

ತೋರ್ಗುನ್ ಕುರ್ಚಿಯ ಮೇಲೆ ಕುಸಿದಳು. ಮರೆತಿರಲಿಲ್ಲ. ಮರೆಯಲು ಅಲ್ಲಿ ಏನೂ ಇರಲೇ ಇಲ್ಲ! ಆ ನೆಮ್ಮದಿ ಪೂರ್ತಿ ಇಳಿಯುವ ಮೊದಲೇ ಕೇಳಿದಳು: "ಯಾಕೆ?"

ಯೆರ್ಮುಂಡ್ ಒಲೆಯ ಕಡೆ ತಿರುಗಿದ. "ಬೆನ್ನು ನೋವು."

"ನಿನ್ನ ಬೆನ್ನು ನಂಗೆ ಗೊತ್ತಿಲ್ವಾ? ಈ ಕಡೆ ತಿರುಗಿ ಮಾತಾಡು."

ಅವನು ತಿರುಗಿದ. ಬಿರುಗಾಳಿಯಲ್ಲೂ ಸಿಳ್ಳೆ ಹಾಕುವ ಮನುಷ್ಯ, ಆಲೂಗಡ್ಡೆ ಚುಚ್ಚುವ ಚಾಕು ಹಿಡಿದು ಮಗುವಿನಂತೆ ನಿಂತಿದ್ದ. "ಹಕ್ಕಿ ಕೂಗೋದು ಕೇಳ್ಸಲ್ವೇನೇ ನಂಗೆ? ಬಂಡೆ ಮೇಲೆ ಮುಲ್ತೆ ಹಣ್ಣು ಚೆಲ್ಲಿತ್ತು. ನೀನು, ಮುಲ್ತೆ ಹಣ್ಣನ್ನ! ಅದೂ ಎರಡು ಸಲ. ಫ್ರೀಜರ್ ಬಾಗಿಲಿಗೆ ಅಂಟುಪಟ್ಟಿ. ಬಟ್ಟೆ ಕಪಾಟಲ್ಲಿ ಮೇಣದಬತ್ತಿ. ಬೀದಿ ಮನೆಗಳ ಹೆಸರನ್ನ ನಿದ್ದೇಲಿ ಗೊಣಗ್ತೀಯ. ನಿಮ್ಮಮ್ಮನ್ನ ನೋಡಿದೀನಲ್ಲ ನಾನೂ. ನಿನ್ನ ಒಬ್ಬಳನ್ನೇ ಬಿಟ್ಟು ಈಸ್ಟರ್ ತನಕ ಹೇಗೆ ಹೋಗ್ಲಿ?"

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಯಾರಿಂದ ಬಚ್ಚಿಟ್ಟಳೋ ಅವನು ತನಗಿಂತ ಮೊದಲೇ ತೀರ್ಮಾನ ಮಾಡಿ ಕೂತಿದ್ದ. "ಪಟ್ಟಿ ಹಚ್ಚಿದ್ದು ಪರೀಕ್ಷೆಗೆ ಕಣೋ, ಹುಚ್ಚಿಗಲ್ಲ! ಬಾಗಿಲು ತೆರೆದಿಲ್ಲ, ಆದ್ರೂ ಕರಗಿದೆ. ಇವತ್ತು ಬೆಳಗ್ಗೆನೂ ಕರಗಿತ್ತು. ನೀನೇನಾದ್ರೂ ತೆರೆದ್ಯಾ?"

"ನಾನು ಮುಟ್ಟೇ ಇಲ್ಲ. ಪಟ್ಟಿ ನೋಡಿ ಹೆದರ್ಕೊಂಡು, ಬಾಗಿಲಿಗೆ ಕೈಯೇ ಹಾಕ್ಲಿಲ್ಲ."

"ಮೊನ್ನೆ ಸಂಜೆಯಿಂದ ಅದೇ ಪಟ್ಟಿನಾ? ನಡುವೆ ನಾನು ಬದಲಾಯಿಸಿದ್ದು ನೋಡಿದ್ಯಾ?"

"ಅದೇ. ಒಂದು ತುದಿ ಮಡಚಿಕೊಂಡಿತ್ತು. ದಿನಾ ಬಗ್ಗಿ ಬಗ್ಗಿ ನೋಡ್ತಿದ್ದೆ, ಕಳ್ಳನ ಥರ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೊರಗೋಣೆಗೆ ನುಗ್ಗಿದರು. ಅಲ್ಲಿ ಉಸಿರು ಹೊಗೆಯಾಗುತ್ತಿತ್ತು. ತೋರ್ಗುನ್ ಫ್ರಿಜ್ಜಿನ ಬೆನ್ನಿಗೆ ಅಂಗೈಯಿಟ್ಟಳು. ಓಡುವ ಫ್ರಿಜ್ಜಿನ ಬೆನ್ನು ಬೆಚ್ಚಗಿರಬೇಕು. ಇದು ಬಂಡೆಯಷ್ಟು ತಣ್ಣಗೆ. ಕಿವಿಗೊಟ್ಟರೆ ಒಳಗೆ ಉಸಿರೇ ಇಲ್ಲ.

"ಓಡ್ತಾನೇ ಇಲ್ಲ ಇದು," ಎಂದಳು.

"ಆದ್ರೆ ಹಾಲು ತಣ್ಣಗಿದೆಯಲ್ಲೇ."

"ಹಾಲು ಇಲ್ಲಿ ನೆಲದ ಮೇಲಿಟ್ರೂ ತಣ್ಣಗಿರುತ್ತೆ, ಪೆದ್ದಾ! ನೀನು ಹೇಳಿದ ಉತ್ತರಧ್ರುವ ಇಲ್ವಾ ಇಲ್ಲಿ?" ಎಂದವಳು ಥಟ್ಟನೆ ನಿಂತಳು. ಮೇಲಿನ ಬಾಗಿಲು ತೆಗೆದು, ತಿರುಗಿಸುವ ಗುಂಡಿಯನ್ನೇ ದಿಟ್ಟಿಸಿದಳು. ಅದು ಇರುವುದು ಮೇಲಿನ ಭಾಗದಲ್ಲಿ. ಮೋಟರಿಗೆ ಓಡು, ನಿಲ್ಲು ಎಂದು ಹೇಳುವುದು ಅದೇ. ಒಳಮನೆಯ ಬಿಸಿ ತಾಗುವ ಈ ಕೋಣೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಆದರೆ ಹಾಲಿಗೆ ಬೇಕಾದಷ್ಟು ತಂಪು ಯಾವಾಗಲೂ ಇದೆ, ಮೋಟರ್ ಯಾಕೆ ಓಡಬೇಕು? ಕೆಳಗೆ ಫ್ರೀಜರ್ ಕರಗಿ ನೀರಾಗುತ್ತಿದೆಯೆಂದು ಮೇಲಿರುವ ಅದಕ್ಕೆ ಹೇಳುವವರು ಯಾರು? "ಹಸಿ ದಿನ ನೀನು ಇಲ್ಲಿ ಒಲೆ ಹಚ್ತೀಯ. ಆಗ ಬೆಚ್ಚಗಾಗುತ್ತೆ, ಆಗ ಓಡುತ್ತೆ. ಎಡ್ವಿನ್ ಬಂದಾಗ ಕಲ್ಲಾಗಿತ್ತು. ಹೊರಗೆ ಚಳಿ ಹೆಚ್ಚಾದಷ್ಟೂ ಇದು ಕರಗುತ್ತೆ ಕಣೋ!"

"ಎಲ್ಲಾದ್ರೂ ಉಂಟಾ?"

"ಆಲೂಗಡ್ಡೆ ತಾ."

"ಏನು?"

"ಆ ಬಿಸಿ ಪಾತ್ರೆ ತಗೊಂಡು ಬಾ ಅಂದೆ!"

ಅವನು ಹೆದರಿದ ಕಣ್ಣಿನಿಂದ ಅವಳನ್ನು ನೋಡಿದ. ಬಿಸಿ ಆಲೂಗಡ್ಡೆಯ ಪಾತ್ರೆಯನ್ನು ಫ್ರಿಜ್ಜಿನೊಳಗೆ ಇಡು ಎನ್ನುವ ಹೆಂಡತಿ. ಆದರೂ ತಂದ. ಅವಳು ಹಾಲು ಬೆಣ್ಣೆ ಪಕ್ಕಕ್ಕೆ ತಳ್ಳಿ, ಹಬೆಯಾಡುವ ಪಾತ್ರೆಯನ್ನು ನಡುವಿನಲ್ಲಿಟ್ಟು ಬಾಗಿಲು ಮುಚ್ಚಿದಳು. ಇಬ್ಬರೂ ಬೂಟುಗಳ ಮಧ್ಯೆ ನಿಂತು ಕಾದರು. ಏನೂ ಆಗಲಿಲ್ಲ. ಇದೂ ಸುಳ್ಳಾದರೆ ಇನ್ನು ಹೇಳಲು ಏನೂ ಉಳಿಯುವುದಿಲ್ಲ. ಯೆರ್ಮುಂಡ್ ಏನೋ ಹೇಳಲು ಬಾಯಿ ತೆರೆದ, ಅವಳು ಕೈಯೆತ್ತಿ ತಡೆದಳು. ಅವನು ಹೇಳಲಿದ್ದದ್ದು ಸಮಾಧಾನದ ಮಾತು ಎಂದು ಗೊತ್ತಿತ್ತು, ಅವಳಿಗೆ ಅದು ಬೇಕಿರಲಿಲ್ಲ.

ಒಳಗೆಲ್ಲೋ ಟಕ್ ಎಂದಿತು. ಮೋಟರ್ ಗುರ್ರೆಂದು ಓಡತೊಡಗಿತು.

ಯೆರ್ಮುಂಡ್ ಒಂದು ದೊಡ್ಡ ಬೈಗುಳ ಬೈದ. ಬರೆಯುವಂಥದ್ದಲ್ಲ. ಆಮೇಲೆ ನಗತೊಡಗಿದ, ಅವಳೂ ನಕ್ಕಳು, ನಗುತ್ತ ನಗುತ್ತ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. "ತಂದಿಟ್ಟಿದ್ದು ನಾನು," ಎಂದು ಅವನು ಅಂದ, "ಕರೆಂಟು ಉಳಿಸೋ ಮಹಾ ಬುದ್ಧಿವಂತ. ನನ್ನ ತಲೆ ಒಂದ್ಸಲ ಬಿಚ್ಚಿ ನೋಡ್ಬೇಕು."

ಮಧ್ಯಾಹ್ನವೇ ಇಬ್ಬರೂ ಸೇರಿ ಫ್ರಿಜ್ಜನ್ನು ಅಡುಗೆಮನೆಗೆ ಎಳೆದು ತಂದರು. ಮೇಜಿನ ಒಂದು ಕಡೆಯ ಕುರ್ಚಿ ಇಡಲು ಜಾಗವಿಲ್ಲದಂತಾಯಿತು. ಆಲೂಗಡ್ಡೆ ಮತ್ತೆ ಬಿಸಿ ಮಾಡಿ ಉಣ್ಣಲು ಕೂತಾಗ ತೋರ್ಗುನ್ ಚಮಚ ಕೆಳಗಿಟ್ಟಳು. ನಗು ಮುಗಿದಿತ್ತು.

"ನಿಜವಾಗಿದ್ರೆ? ಫ್ರಿಜ್ ಅಲ್ದೆ ನಾನೇ ಆಗಿದ್ರೆ?"

"ಇಲ್ಲೇ ಇರ್ತಿದ್ದೆ."

"ನಂಗೆ ಹೇಳ್ತಿದ್ಯಾ?"

ಯೆರ್ಮುಂಡ್ ಆಲೂಗಡ್ಡೆಯ ಸಿಪ್ಪೆ ಪೂರ್ತಿ ಸುಲಿದು ತಟ್ಟೆಯಂಚಿಗಿಟ್ಟ. "ಇಲ್ಲ," ಅಂದ. "ಸುಳ್ಳು ಯಾಕೆ ಹೇಳ್ಲಿ? ಅಂಥ ಮಾತು ನನ್ನ ಬಾಯಲ್ಲಿ ಬರಲ್ಲ ಕಣೇ. ಬೆನ್ನು ನೋವು ಅಂತಿದ್ದೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದಿತು ಕೂಡ, ಆದರೆ ಅರ್ಧ ದಾರಿಯಲ್ಲೇ ನಿಂತಿತು. ಮದುವೆಯಾದಾಗಿನಿಂದ ಒಂದು ಸಲವೂ ತಪ್ಪಿಸದ ಕಡಲನ್ನು ಅವನು ಒಂದು ಮಾತೂ ಆಡದೆ ಬಿಟ್ಟುಕೊಟ್ಟಿದ್ದ.

"ಹಾಗಾದ್ರೆ ಹೇಳ್ಬೇಡ," ಎಂದಳು. "ಮುಂದೆ ಯಾವತ್ತಾದ್ರೂ ನಿಜವಾಗ್ಲೂ ಬಂದ್ರೆ, ದೋಣಿ ಬಿಟ್ಟು ಮನೇಲಿ ಕೂತ್ಕೋ. ನಂಗೆ ಅರ್ಥವಾಗುತ್ತೆ. ಆದ್ರೆ ಈಗ ಕೂರ್ಬೇಡ. ನಿನ್ನ ದಮ್ಮಯ್ಯ ಅಂತೀನಿ, ಈಗ ಎದ್ದು ಹಾರ್ಟ್‌ವಿಗ್‌ಗೆ ಫೋನ್ ಮಾಡು."

ಹಾರ್ಟ್‌ವಿಗ್ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ತನ್ನಲ್ಲಿ ಜಾಗವಿಲ್ಲ, ಆದರೆ ತಮ್ಮನ ದೋಣಿಗೆ ಅಡುಗೆ ಬಲ್ಲವನೊಬ್ಬ ಬೇಕು, ನಾಳೆ ಬಸ್ಸಿಗೆ ಬಂದು ಸಾಯಿ ಎಂದ. ಯೆರ್ಮುಂಡ್ ಅಡುಗೆಯವನಾಗಿ ಹೋದ. ತೋರ್ಗುನ್ ಬಸ್ಸಿನ ಬಾಗಿಲಲ್ಲಿ ನಿಂತು, ಡ್ರೈವರನ ಎದುರಿಗೇ, ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದು ಕಳಿಸಿದಳು. ಗಂಡ ದೂರ ಹೋಗುವುದನ್ನು ನೋಡಿ ಅಷ್ಟು ಹಗುರಾದ ಹೆಂಗಸನ್ನು ನಮ್ಮೂರು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದು ಕಳೆದು ವರ್ಷಗಳಾದವು. ತೋರ್ಗುನ್ ಇನ್ನೂ ಆಶ್ರಮದ ಕೆಲಸದಲ್ಲಿದ್ದಾಳೆ, ಯೆರ್ಮುಂಡ್ ಇನ್ನೂ ಕಡಲಿಗೆ ಹೋಗುತ್ತಾನೆ. ಆದರೆ ಪ್ರತಿ ಜನವರಿ ಬಂತೆಂದರೆ ಅವಳಿಗೆ ಊಟ ಸೇರುವುದಿಲ್ಲ. ಈಗ ಅವನ ಪೆಟ್ಟಿಗೆಗೆ ಅವಳು ಕೈ ಹಾಕುವುದಿಲ್ಲ, ಅವನೇ ಕಟ್ಟಿಕೊಳ್ಳಲಿ ಎನ್ನುತ್ತಾಳೆ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ಪಾತ್ರೆ ತೊಳೆಯುವ ನೆಪದಲ್ಲಿ ಕಿವಿಗೊಟ್ಟಿರುತ್ತಾಳೆ. ಅವನು ಈ ವರ್ಷವೂ ಉಣ್ಣೆಯ ಬಟ್ಟೆ ತುಂಬಿ, ಪೆಟ್ಟಿಗೆಯ ಕೊಂಡಿ ಹಾಕಿದ ಸದ್ದು ಕೇಳಿದ ಮೇಲೆಯೇ ಅವಳು ಉಸಿರು ಬಿಡುವುದು.